ಒಂದೇ ಹೆಸರಿನ ಇಬ್ಬರು: ಕೊಡಗಿನ ಒಂದು ಮನೆತನದ ಹುಡುಕಾಟ

ಇದು ಮಡಿಕೇರಿ ತಾಲ್ಲೂಕಿನ ಅರೆಭಾಷೆ ಆಡುವ ಒಂದು ಗೌಡ ಕುಟುಂಬದ ಪ್ರಕರಣ. ಊರಿನ ಹೆಸರು ಬರೆಯುವುದಿಲ್ಲ. ಕೊಡಗಿನಲ್ಲಿ ಊರು ಹೇಳಿ, ಮನೆಯ ವಿಷಯ ಎರಡು ಮಾತು ಹೇಳಿದರೆ ಸಾಕು, ಓದಿದವರು ನೇರ ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಅಂಗಳಕ್ಕೇ ಬಂದು ನಿಲ್ಲುತ್ತಾರೆ. ಹಾಗಾಗಿ ಮನೆ ಹೆಸರು, ಬಳಿ (ಗೋತ್ರದಂಥದ್ದು), ಗದ್ದೆಯ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ನಡುವೆ ಬರುವ ಹಿರಿಯರನ್ನು ಸುಬ್ಬಯ್ಯ ಅಂತ ಕರೆದಿದ್ದೇನೆ. ಅದು ಅವರ ನಿಜವಾದ ಹೆಸರಲ್ಲ. ಕುಟುಂಬದವರು ಇದನ್ನು ಓದಿ, ಎರಡು ಕಡೆ ತಿದ್ದಿಸಿ, ಆಮೇಲೆ ಒಪ್ಪಿದರು.

ನಾನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. ಇತಿಹಾಸ ಓದಿದವಳಲ್ಲ. ಯಾರಾದರೂ ಬಂದು ‘ಇಂಥದ್ದು ಎಲ್ಲಿ ಸಿಗುತ್ತದೆ’ ಅಂತ ಕೇಳಿದರೆ ಹುಡುಕಿಕೊಡುವುದು ನನ್ನ ಕೆಲಸ. ಸಾಮಾನ್ಯವಾಗಿ ಕೇಳುವುದು ಪೊಲೀಸ್ ನೇಮಕಾತಿ ಪರೀಕ್ಷೆಯ ಪುಸ್ತಕ. ಮುತ್ತಜ್ಜನ ಬಗ್ಗೆ ಕೇಳಿದ್ದು ಇದೇ ಮೊದಲು.

ಹಿನ್ನೆಲೆ

2018ರ ಆಗಸ್ಟ್ ಮಳೆ ಯಾರಿಗೂ ಮರೆಯುವಂಥದ್ದಲ್ಲ. ಈ ಕುಟುಂಬದ ಐನ್‌ಮನೆ ಬೀಳಲಿಲ್ಲ. ಆದರೆ ಮನೆ ಹಿಂದಿನ ಬರೆ (ಗುಡ್ಡದ ಇಳಿಜಾರು) ಜರಿದು, ಪಕ್ಕದ ಕೋಣೆಯ ಗೋಡೆ ಒಡೆದು, ಒಳಗೆ ಎದೆಮಟ್ಟ ಕೆಸರು ತುಂಬಿತು. ಆ ಕೋಣೆಯಲ್ಲೇ ಮರದ ಪೆಟ್ಟಿಗೆ ಇತ್ತು. ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳಿದ್ದವು. ಎಷ್ಟಿದ್ದವು, ಏನೇನಿದ್ದವು ಅಂತ ಯಾರೂ ಬರೆದಿಟ್ಟಿರಲಿಲ್ಲ. ಕೆಸರು ತೆಗೆದಾಗ ಸಿಕ್ಕಿದ್ದು ಒಂದು ಮುದ್ದೆ. ಅದನ್ನು ಹುಡುಗರು ಬಿಸಿಲಿಗೆ ಹಾಕಿದರು. ಯಾರೋ ಒಬ್ಬರು ಬೇಗ ಒಣಗಲಿ ಅಂತ ಇಸ್ತ್ರಿಯನ್ನೂ ಹಾಕಿದರು. ಮುದ್ದೆ ಹಲಗೆಯಂತೆ ಗಟ್ಟಿಯಾಯಿತು. ಹಾಳೆ ಬಿಡಿಸಲು ಹೋದರೆ ಪುಡಿ ಪುಡಿ.

2019ರ ಶುರುವಿನಲ್ಲಿ ಆ ಮನೆಯ ಹಿರಿಯರೊಬ್ಬರು ನನ್ನಲ್ಲಿಗೆ ಬಂದರು. ಎಪ್ಪತ್ತೈದರ ಆಸುಪಾಸಿನ ವಯಸ್ಸು, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಊರಲ್ಲಿ ಎಲ್ಲರಿಗೂ ಮೇಷ್ಟ್ರು. ಒಂದು ನೋಟ್‌ಬುಕ್, ಕನ್ನಡಕದ ಡಬ್ಬಿ, ಒಂದು ಫ್ರೇಮ್ ಹಾಕಿದ ವಂಶವೃಕ್ಷ ತಂದಿದ್ದರು. ವಂಶವೃಕ್ಷ ಐನ್‌ಮನೆಯ ಗೋಡೆಯಲ್ಲಿ ತೂಗುತ್ತಿದ್ದದ್ದು. 1970ರ ದಶಕದಲ್ಲಿ ಅವರ ಚಿಕ್ಕಪ್ಪ ಬರೆಸಿದ್ದಂತೆ. ನಿಜವಾಗಿಯೂ ಮರದ ಚಿತ್ರ: ಬೇರಿನಲ್ಲಿ ಸುಬ್ಬಯ್ಯ, ಕೊಂಬೆಗಳಲ್ಲಿ ಮಕ್ಕಳು, ಎಲೆಗಳಲ್ಲಿ ಮೊಮ್ಮಕ್ಕಳು. ಗಾಜಿನೊಳಗೆ ಒಂದು ಮೂಲೆ ನೀರು ಕುಡಿದು ಕಂದಾಗಿತ್ತು.

“ಇದನ್ನ ಸರಿ ಮಾಡ್ಬೇಕು ಮಗಾ, ನಾನಿರೋದ್ರೊಳಗೆ,” ಅಂದರು.

ತೊಡಕು

ಅವರಿಗೆ ಬೇಕಾಗಿದ್ದದ್ದು ಎರಡು. ಇದನ್ನು ನಾನು ಆವತ್ತೇ ಗಮನಿಸಬೇಕಿತ್ತು. ಗಮನಿಸಲಿಲ್ಲ, ಅದರಿಂದ ಒಂದು ವರ್ಷ ಹಾಳಾಯಿತು.

ಮೊದಲನೆಯದು ಕಚೇರಿ ಕೆಲಸ. ಅವರ ಗದ್ದೆ, ಅದಕ್ಕೆ ಸೇರಿದ ಬಾಣೆ (ಗುಡ್ಡ-ಕಾಡಿನ ಭೂಮಿ) ಎರಡೂ ಜಮ್ಮಾ ಭೂಮಿ. ಕೊಡಗಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಜಮ್ಮಾ ಅಂದರೆ ರಾಜರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಬೇರೆ ಭೂಮಿಗಿಂತ ಅರ್ಧ ಕಂದಾಯ. ಅದು ಒಬ್ಬನ ಆಸ್ತಿಯಲ್ಲ, ಕುಟುಂಬದ್ದು. ದಾಖಲೆಯಲ್ಲಿ ಪಟ್ಟೇದಾರ ಅಂತ ಹಿರಿಯನೊಬ್ಬನ ಹೆಸರಿರುತ್ತದೆ. ಎಷ್ಟೋ ಕಡೆ ಆ ಹಿರಿಯ ಸತ್ತು ನೂರು ವರ್ಷ ದಾಟಿದರೂ ಪಹಣಿಯಲ್ಲಿ ಅವನೇ ಬದುಕಿರುತ್ತಾನೆ! ಇವರ ಪಹಣಿಯಲ್ಲೂ ಸುಬ್ಬಯ್ಯನದೇ ಹೆಸರು. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಆಗಬೇಕಾದರೆ ಸುಬ್ಬಯ್ಯನಿಂದ ಇವತ್ತಿನವರವರೆಗೆ ವಂಶವೃಕ್ಷ ಕೊಡಬೇಕು. ಮನೆ, ಭೂಮಿ ಕಳೆದುಕೊಂಡವರಿಗೆ ಖಾತೆ ಸರಿ ಇಲ್ಲದಿದ್ದರೆ ಎಷ್ಟು ಕಷ್ಟ ಅಂತ ಆ ವರ್ಷ ನಮಗೆಲ್ಲ ಗೊತ್ತಾಗಿತ್ತು.

ಎರಡನೆಯದು ಮನಸ್ಸಿನ ಕೆಲಸ. ಪೆಟ್ಟಿಗೆಯ ಜೊತೆ ಮನೆಯ ಕಥೆಯೂ ಹೋಯಿತು ಅನ್ನುವ ಸಂಕಟ. ಆ ಕಥೆ ಹೀಗಿತ್ತು: 1837ರಲ್ಲಿ ಬ್ರಿಟಿಷರ ಮೇಲೆ ಕಲ್ಯಾಣಪ್ಪನ ಕಾಟಕಾಯಿ ಅನ್ನುವ ದಂಗೆ ಆಯಿತಲ್ಲ, ಅಮರ ಸುಳ್ಯದಿಂದ ಹೊರಟ ದಂಡು ಮಂಗಳೂರಿನವರೆಗೆ ಹೋಗಿ ಬ್ರಿಟಿಷರನ್ನು ಓಡಿಸಿತ್ತಲ್ಲ, ಆ ದಂಡಿನಲ್ಲಿ ಇವರ ಸುಬ್ಬಯ್ಯನೂ ಇದ್ದ. ದಂಡು ಚದುರಿದ ಮೇಲೆ ರಾತ್ರೋರಾತ್ರಿ ಘಟ್ಟ ಹತ್ತಿ ಬಂದು ಈ ಊರಲ್ಲಿ ತಲೆಮರೆಸಿಕೊಂಡು ನಿಂತ. ಅವನಿಂದ ಈ ಮನೆ ಬೆಳೆಯಿತು.

ಒಳ್ಳೆಯ ಕಥೆ. ನಮ್ಮ ಕಡೆ ಇಂಥ ಕಥೆ ಇರುವ ಮನೆಗಳು ಬಹಳ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಮರದ ಚಿತ್ರದ ಪ್ರಕಾರ ಸುಬ್ಬಯ್ಯನ ಹಿರಿಮಗನೇ ಮೇಷ್ಟ್ರ ಅಜ್ಜ. ಅಜ್ಜ ತೀರಿಕೊಂಡದ್ದು 1952ರಲ್ಲಿ, ಎಪ್ಪತ್ತೇಳನೇ ವಯಸ್ಸಿನಲ್ಲಿ. ಅಂದರೆ ಹುಟ್ಟಿದ್ದು 1875ರ ಸುಮಾರಿಗೆ. ಸುಬ್ಬಯ್ಯ 1837ರಲ್ಲಿ ಕತ್ತಿ ಹಿಡಿದಿದ್ದರೆ ಆಗ ಅವನಿಗೆ ಇಪ್ಪತ್ತಾದರೂ ಆಗಿರಬೇಕು. ಹಾಗಾದರೆ ಐವತ್ತೆಂಟನೇ ವಯಸ್ಸಿಗೆ ಮೊದಲ ಮಗನಾ? ಆಗಬಾರದು ಅಂತೇನಿಲ್ಲ. ಆದರೆ ಅವನಿಗೆ ಆಮೇಲೂ ಮೂರು ಗಂಡು ಮಕ್ಕಳನ್ನು ಆ ಮರದಲ್ಲಿ ಬರೆದಿದ್ದರು.

ಮೇಷ್ಟ್ರು ಇದನ್ನು ಮೊದಲೇ ಲೆಕ್ಕ ಹಾಕಿದ್ದರು. “ಮಧ್ಯೆ ಒಂದು ತಲೆಮಾರು ಬಿಟ್ಟು ಹೋಗಿದೆ,” ಅಂತ ಅವರ ಊಹೆ. ಆ ಊಹೆ ಅರ್ಧ ಸರಿ ಇತ್ತು.

ದಾರಿ ತಪ್ಪಿದ ಮೂರು ತಿಂಗಳು

ನಾವು ಕಥೆಯ ತುದಿ ಹಿಡಿದು ಹೊರಟೆವು. 1837ರ ದಂಡಿನಲ್ಲಿ ಸುಬ್ಬಯ್ಯ ಎಲ್ಲಿದ್ದ?

ಮಡಿಕೇರಿಯ ಗ್ರಂಥಾಲಯದಲ್ಲಿ ಕೊಡಗಿನ ಮೇಲೆ ಇದ್ದ ಪುಸ್ತಕಗಳನ್ನೆಲ್ಲ ತೆಗೆಸಿದೆವು. 1870ರಲ್ಲಿ ರಿಕ್ಟರ್ ಬರೆದ ಕೈಪಿಡಿ, 1878ರ ರೈಸ್ ಅವರ ಗೆಜೆಟಿಯರ್, 1965ರ ಜಿಲ್ಲಾ ಗೆಜೆಟಿಯರ್. ಕಾಟಕಾಯಿಯ ಬಗ್ಗೆ ಇತ್ತೀಚೆಗೆ ಬಂದ ಪುಸ್ತಕ, ಸ್ಮರಣ ಸಂಚಿಕೆ ಬೇರೆ. ಮೇಷ್ಟ್ರು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಮಧ್ಯಾಹ್ನಕ್ಕೆ ಬುತ್ತಿ. ನೋಟ್‌ಬುಕ್ ತುಂಬುತ್ತಾ ಬಂತು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದರ ಬಗ್ಗೆ ನಾಲ್ಕು ಪುಟ ಬರೆದುಕೊಂಡಿದ್ದರು. ಸುಬ್ಬಯ್ಯನ ಬಗ್ಗೆ ಒಂದು ಸಾಲೂ ಇಲ್ಲ.

ಇರಲಾರದು ಅಂತ ನನಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ದಂಡಿನಲ್ಲಿ ಹೋದ ಸಾವಿರಾರು ಜನರಲ್ಲಿ ಹೆಸರು ಉಳಿದದ್ದು ಮುಂದಾಳುಗಳದು, ಸಿಕ್ಕಿಬಿದ್ದವರದು. ಇವರ ಕಥೆಯ ತಿರುಳೇ ಅವನು ಸಿಕ್ಕಿಬೀಳಲಿಲ್ಲ ಅನ್ನುವುದು. ಸಿಕ್ಕದವನ ಹೆಸರು ಸಿಕ್ಕವರ ಪಟ್ಟಿಯಲ್ಲಿ ಹೇಗಿರುತ್ತದೆ ಹೇಳಿ!

ಇನ್ನೊಂದು ತೊಡಕು ಗಡಿಯದು. ಘಟ್ಟದ ಕೆಳಗಿನ ಸುಳ್ಯ, ಪುತ್ತೂರಿನ ಕಡೆಯೂ ಕೊಡಗಿನ ಹಾಲೇರಿ ರಾಜರ ಕೈಯಲ್ಲಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಬ್ರಿಟಿಷರು ಆ ಭಾಗವನ್ನು ಕೆನರಾ ಜಿಲ್ಲೆಗೆ, ಅಂದರೆ ಮದರಾಸು ಪ್ರಾಂತ್ಯಕ್ಕೆ ಸೇರಿಸಿದರು. ಘಟ್ಟದ ಮೇಲಿನ ಕೊಡಗು ಬೇರೆಯೇ ಆಡಳಿತವಾಗಿ ಉಳಿಯಿತು. ಒಂದೇ ಕುಟುಂಬದ ಅಣ್ಣ ಕೆಳಗೆ, ತಮ್ಮ ಮೇಲೆ ಇದ್ದರೆ ಅವರಿಬ್ಬರ ಕಾಗದ ಎರಡು ಸರ್ಕಾರದ ಕಪಾಟಿಗೆ ಹೋಗುತ್ತಿತ್ತು. ಮೇಷ್ಟ್ರ ಅಣ್ಣನ ಮಗ ಮಂಗಳೂರಿಗೆ ಎರಡು ಸಲ ಹೋಗಿ ಬಂದ. ಎಲ್ಲಿ, ಯಾವ ಊರು, ಯಾವ ಮನೆ ಅಂತ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಬರಿಗೈಯಲ್ಲಿ ಬಂದ.

ಜನಗಣತಿಯಲ್ಲಿ ಸಿಗಬಹುದು ಅಂತ ಬೆಂಗಳೂರಿನಲ್ಲಿರುವ ಹುಡುಗಿಯೊಬ್ಬಳು ಹೇಳಿದಳು. ಹಳೆಯ ಜನಗಣತಿ ವರದಿಯಲ್ಲಿ ಅಂಕಿ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಅಲ್ಲಿಗೆ ಅದು ಮುಗಿಯಿತು.

ಹೆಸರು ಬಿಟ್ಟು ಗದ್ದೆ ಹಿಡಿದದ್ದು

ಮೊದಲ ತಿರುವು ಒಬ್ಬ ನಿವೃತ್ತ ಕಂದಾಯ ನೌಕರರಿಂದ ಬಂತು. ಗ್ರಂಥಾಲಯಕ್ಕೆ ಪೇಪರ್ ಓದಲು ಬರುವವರು. ನಮ್ಮ ಗೋಳು ಕೇಳಿ ಕೇಳಿ ಒಂದು ದಿನ ಕೇಳಿದರು: “ನೀವು ಮನುಷ್ಯನನ್ನ ಹುಡುಕ್ತಾ ಇದ್ದೀರಿ. ವರ್ಗ ಯಾವುದು ಅಂತ ನೋಡಿದ್ದೀರಾ?”

ಕೊಡಗಿನಲ್ಲಿ ವರ್ಗ ಅಂದರೆ ಒಂದು ಹಿಡುವಳಿ. ಗದ್ದೆ, ಅದಕ್ಕೆ ಸೇರಿದ ಬಾಣೆ, ಎಲ್ಲ ಒಟ್ಟಿಗೆ. ಮನುಷ್ಯ ಸಾಯುತ್ತಾನೆ, ಹೆಸರು ಬದಲಾಗುತ್ತದೆ. ಗದ್ದೆ ಅಲ್ಲೇ ಇರುತ್ತದೆ. ಕಂದಾಯ ಕಟ್ಟಲೇಬೇಕು, ಕಟ್ಟಿಸಿಕೊಂಡವರು ಬರೆದಿಡಲೇಬೇಕು. ರಾಜ ಲಿಂಗರಾಜೇಂದ್ರನ ಕಾಲದ ಶಿಸ್ತು ಅನ್ನುವ ಭೂಕಂದಾಯದ ಲೆಕ್ಕದಿಂದ ಹಿಡಿದು ಬ್ರಿಟಿಷರ ಕಾಲದ ಜಮ್ಮಾ ಪುಸ್ತಕಗಳವರೆಗೆ ಬರೆದದ್ದು ಭೂಮಿಯನ್ನು ಹಿಡಿದೇ.

ಆಮೇಲೆ ನಮ್ಮ ಅರ್ಜಿಯ ಭಾಷೆಯೇ ಬದಲಾಯಿತು. ಅಲ್ಲಿಯವರೆಗೆ ‘ನಮ್ಮ ಹಿರಿಯರಾದ ಸುಬ್ಬಯ್ಯನವರ ದಾಖಲೆ ಕೊಡಿ’ ಅಂತ ಬರೆಯುತ್ತಿದ್ದೆವು. ಯಾರಿಗೂ ಏನೂ ಹುಡುಕಲು ಆಗದಂಥ ಅರ್ಜಿ ಅದು. ಈಗ ಊರು, ಸರ್ವೆ ನಂಬರು, ಗದ್ದೆಯ ಹಳೆಯ ಹೆಸರು, ಆ ಊರು ಆಗ ಯಾವ ನಾಡಿನಲ್ಲಿತ್ತು ಅನ್ನುವುದನ್ನು ಬರೆದೆವು. ಕೊನೆಯದು ಮುಖ್ಯ. ಹಳೆಯ ಕಡತ ಕಟ್ಟಿರುವುದು ಹಳೆಯ ತಾಲ್ಲೂಕು, ಹಳೆಯ ನಾಡಿನ ಪ್ರಕಾರ. ತಾಲ್ಲೂಕಿಗೆ ಸುಬೇದಾರ, ನಾಡಿಗೆ ಪಾರುಪತ್ಯಗಾರ ಇದ್ದ ಕಾಲ ಅದು. ಇವತ್ತಿನ ಹೋಬಳಿ ಹೆಸರು ಹೇಳಿದರೆ ಕಪಾಟು ತೆರೆಯುವುದಿಲ್ಲ. ಊರು ಯಾವ ನಾಡಿನಲ್ಲಿತ್ತು ಅಂತ ತಿಳಿದದ್ದು ಅದೇ ಹಳೆಯ ಗೆಜೆಟಿಯರ್‌ನಿಂದ. ಮೂರು ತಿಂಗಳು ಓದಿದ್ದು ಪೂರ್ತಿ ನೀರಿನಲ್ಲಿ ಹೋಮವಾಗಲಿಲ್ಲ.

ಒಂದು ಕಚೇರಿಯಲ್ಲಿ ಅರ್ಜಿ ಎರಡು ಸಲ ಕಳೆಯಿತು. ಮೂರನೇ ಸಲ ಸ್ವೀಕೃತಿ ಕೇಳಿ ಪಡೆದೆವು. ಅಷ್ಟೇ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಸಿಕ್ಕಿದ್ದು 1863ರ ಒಂದು ವಾರಸು ಅರ್ಜಿಯ ನಕಲು. ಪಾರುಪತ್ಯಗಾರ ವಿಚಾರಣೆ ಮಾಡಿ ಸುಬೇದಾರನಿಗೆ ಬರೆದದ್ದು. ಕನ್ನಡದಲ್ಲೇ ಇತ್ತು. ರಾಜರ ಕಾಲದಿಂದಲೂ ಇಲ್ಲಿನ ಕಚೇರಿಯ ಭಾಷೆ ಕನ್ನಡ, ಅದೊಂದು ನಮ್ಮ ಪುಣ್ಯ. ಅಕ್ಷರ ಮಾತ್ರ ಶಾನುಭೋಗರ ಓಟದ ಅಕ್ಷರ. ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಪದದ ನಡುವೆ ಜಾಗವೇ ಇಲ್ಲದೆ. ಹಳೆಯ ಶಾನುಭೋಗರ ಮನೆತನದ ಒಬ್ಬರು ಭೂತಗನ್ನಡಿ ಹಿಡಿದು ಎರಡು ಸಂಜೆ ಓದಿದರು, ನಾನು ಬರೆದುಕೊಂಡೆ.

ತಿರುಳು ಇಷ್ಟು: ಪಟ್ಟೇದಾರ ಸುಬ್ಬಯ್ಯ ಸತ್ತು ಬಹಳ ಕಾಲವಾಗಿದೆ. ಜಮ್ಮಾ ಇನ್ನೂ ಅವನ ಹೆಸರಿನಲ್ಲೇ ಇದೆ. ಅವನ ಮೊಮ್ಮಗ ಸುಬ್ಬಯ್ಯನಿಗೆ ಈಗ ಇಪ್ಪತ್ತೊಂದು ವರ್ಷ. ಅವನ ಹೆಸರಿಗೆ ಮಾಡಬಹುದು. ಕಂದಾಯ ನೂರು ಭಟ್ಟಿಗೆ ಐದು ರೂಪಾಯಿ.

ಭಟ್ಟಿ ಅಂದರೆ ಭತ್ತದ ಅಳತೆ. ಕೊಡಗಿನಲ್ಲಿ ಗದ್ದೆಯನ್ನೂ ಅದರಲ್ಲೇ ಹೇಳುತ್ತಿದ್ದರು. ನೂರು ಭಟ್ಟಿಗೆ, ಪೂರ್ತಿ ಕಂದಾಯದ ಸಾಗು ಭೂಮಿಯಾದರೆ ಹತ್ತು ರೂಪಾಯಿ, ಜಮ್ಮಾ ಆದರೆ ಐದು. ಐದು ಅಂತ ನೋಡಿದ ಕೂಡಲೇ ಇದು ಜಮ್ಮಾ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಸುಬ್ಬಯ್ಯ ಇಬ್ಬರು! ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಇದ್ದದ್ದೇ. 1970ರ ದಶಕದಲ್ಲಿ ಮರ ಬರೆಸಿದವರು ಇಬ್ಬರನ್ನೂ ಒಬ್ಬನೇ ಅಂದುಕೊಂಡಿದ್ದರು. 1842ರ ಸುಮಾರಿಗೆ ಹುಟ್ಟಿದ ಕಿರಿಯ ಸುಬ್ಬಯ್ಯನಿಗೆ 1875ರಲ್ಲಿ ಮಗ ಹುಟ್ಟಿದರೆ ಲೆಕ್ಕ ಸಲೀಸಾಗಿ ಕೂಡುತ್ತದೆ. ಪಹಣಿಯ ಪಟ್ಟೇದಾರನೂ ಇವನೇ.

ಮೇಷ್ಟ್ರಿಗೆ ಖುಷಿಯೋ ಖುಷಿ. ಹಿರಿಯ ಸುಬ್ಬಯ್ಯ 1837ರವನು, ಅವನ ಮಗ ಒಬ್ಬ, ಮೊಮ್ಮಗ ಕಿರಿಯ ಸುಬ್ಬಯ್ಯ. ಬಿಟ್ಟುಹೋದ ತಲೆಮಾರು ಸಿಕ್ಕಿತು ಅಂದರು. ಆದರೆ 1837ರಲ್ಲಿ ಓಡಿ ಬಂದವನಿಗೆ 1842ಕ್ಕೇ ಮೊಮ್ಮಗನಾ? ನಾನು ಕೇಳಿದೆ. “ದೊಡ್ಡ ಮಗನನ್ನ ಕರ್ಕೊಂಡೇ ಬಂದಿರಬೇಕು,” ಅಂದರು. ಇರಬಹುದು ಅಂತ ನಾನೂ ಸುಮ್ಮನಾದೆ.

ಅರ್ಜಿಯಲ್ಲಿ ಇನ್ನೊಂದು ಎಡವಟ್ಟು ಇತ್ತು. ಕಿರಿಯ ಸುಬ್ಬಯ್ಯನ ತಂದೆಯ ಹೆಸರಿನ ಜಾಗದಲ್ಲಿ ಕಾಗದ ಹುಳ ತಿಂದಿತ್ತು. ಹೆಸರಿನ ಹಿಂದಿನ ಮನೆ ಹೆಸರು ಮಾತ್ರ ಉಳಿದಿತ್ತು. ಅದು ಈ ಮನೆಯದಲ್ಲ, ಬೇರೆ ಮನೆಯದು. “ಬರೆದವನ ತಪ್ಪು,” ಅಂದರು ಮೇಷ್ಟ್ರು. “ಹೌದು ಅನ್ಸುತ್ತೆ,” ಅಂದೆ ನಾನು. ನಕಲನ್ನು ಫೈಲಿಗೆ ಹಾಕಿದೆವು. ಇಡೀ ಪ್ರಕರಣದ ಕೀಲಿ ಆ ಒಂದು ಪದದಲ್ಲಿತ್ತು. ನಾವಿಬ್ಬರೂ ಸೇರಿ ಅದನ್ನು ಗುಮಾಸ್ತನ ತಲೆಗೆ ಕಟ್ಟಿದೆವು.

ಮೊಬೈಲಿನೊಳಗಿನ ಕಾಗದ

ಆಮೇಲೆ 2020 ಬಂತು. ಲಾಕ್‌ಡೌನ್. ಕಚೇರಿ ಇಲ್ಲ, ಬಸ್ ಇಲ್ಲ. ಮನೆಯಲ್ಲಿ ಕೂತು ಒಂದು ಕೆಲಸ ಮಾಡಿದೆ. ಅವರ ಕುಟುಂಬದ ವಾಟ್ಸಾಪ್ ಗುಂಪಿಗೆ ಮೇಷ್ಟ್ರ ಕೈಯಲ್ಲಿ ಒಂದು ಸಂದೇಶ ಹಾಕಿಸಿದೆ: 2018ಕ್ಕಿಂತ ಮುಂಚೆ ಐನ್‌ಮನೆಯೊಳಗೆ ತೆಗೆದ ಯಾವುದೇ ಫೋಟೋ ಇದ್ದರೆ ಕಳಿಸಿ, ಮದುವೆಯದಾದರೂ ಸರಿ, ಪುತ್ತರಿ ಹಬ್ಬದ್ದಾದರೂ ಸರಿ.

ಇನ್ನೂರಕ್ಕೂ ಜಾಸ್ತಿ ಬಂದವು. ಕದಿರು ಹಿಡಿದವರು, ಮಗು ಎತ್ತಿಕೊಂಡವರು, ಹಂದಿ ಸಾರಿನ ದೊಡ್ಡ ಪಾತ್ರೆ. ಅವುಗಳ ನಡುವೆ ಒಂದು, ಕಾಗದದ್ದು. 2016ರಲ್ಲಿ ಒಬ್ಬ ಹುಡುಗ ಶಾಲೆಯ ಪ್ರಾಜೆಕ್ಟಿಗೆ ‘ನಮ್ಮ ಮನೆಯ ಹಳೆಯ ವಸ್ತುಗಳು’ ಅಂತ ಒರಳು, ಒಡಿಕತ್ತಿ, ಕಂಚಿನ ದೀಪದ ಜೊತೆ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ಅದರ ಫೋಟೋವನ್ನೂ ತೆಗೆದಿದ್ದ. ಕಾಗದದ ಮೂಲೆಯ ಮೇಲೆ ಅವನ ಹೆಬ್ಬೆರಳು. ಆ ಹೆಬ್ಬೆರಳಿನ ಅಡಿಯಲ್ಲಿ ಏನಿತ್ತೋ ಅದು ಹೋಯಿತು. ಉಳಿದದ್ದನ್ನು ದೊಡ್ಡದು ಮಾಡಿ ಓದಿದರೆ ಏಳು ಸಾಲು.

ಸುಬ್ಬಯ್ಯನ ಹೆಸರಿತ್ತು. ಗದ್ದೆಯ ಹೆಸರಿತ್ತು. ಇಸವಿಯ ಜಾಗದಲ್ಲಿ ‘ಆಂಗೀರಸ ಸಂವತ್ಸರ’ ಅಂತ ಮಾತ್ರ ಇತ್ತು.

ಇಲ್ಲಿ ಎಲ್ಲರೂ ಎಡವುತ್ತಾರೆ, ನಾವೂ ಎಡವುವುದರಲ್ಲಿದ್ದೆವು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆಂಗೀರಸ ಅಂದರೆ 1812, 1872, 1932, ಯಾವುದೂ ಆಗಬಹುದು. ಶಕ ವರ್ಷ ಬರೆದಿದ್ದರೆ ತೊಂದರೆ ಇಲ್ಲ. ಅದು ಬಹುಶಃ ಹೆಬ್ಬೆರಳಿನ ಕೆಳಗೆ ಹೋಗಿತ್ತು. ಮನೆಯವರೆಲ್ಲ 1872 ಅಂದರು. ಕಿರಿಯ ಸುಬ್ಬಯ್ಯ ಆಗ ಪಟ್ಟೇದಾರ, ಸರಿಯಾಗಿ ಹೊಂದುತ್ತದೆ. ನನಗೂ ಹಾಗೇ ಅನಿಸಿತ್ತು.

ಶಾನುಭೋಗರ ಮನೆಯ ಹಿರಿಯರಿಗೆ ಫೋಟೋ ಕಳಿಸಿದೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. “ಇದರಲ್ಲಿ ರೂಪಾಯಿ ಎಲ್ಲಿದೆಯಮ್ಮ?” ಅಂದರು.

ನೋಡಿದೆ. ಇರಲಿಲ್ಲ. ಇದ್ದದ್ದು ಹಣ, ಅಡ್ಡ, ಹಾಗ. ಹಣದ ಅರ್ಧ ಅಡ್ಡ, ಕಾಲು ಭಾಗ ಹಾಗ. ರಾಜರ ಕಾಲದ ಲೆಕ್ಕ. 1863ರ ಕಾಗದದಲ್ಲೇ ರೂಪಾಯಿ ಬಂದಾಗಿತ್ತು. ಅದಾದ ಒಂಬತ್ತು ವರ್ಷಕ್ಕೆ ಕಂದಾಯದ ಕಾಗದ ಮತ್ತೆ ಹಣ-ಹಾಗಕ್ಕೆ ಹೋಗುವುದಿಲ್ಲ. ಜೊತೆಗೆ ಬ್ರಿಟಿಷ್ ಸರ್ಕಾರದ ಗುರುತು ಒಂದೂ ಇಲ್ಲ. ಇದು 1812. ಲಿಂಗರಾಜೇಂದ್ರ ಪಟ್ಟಕ್ಕೆ ಬಂದ ಮರುವರ್ಷ.

ಅಂದರೆ ಹಿರಿಯ ಸುಬ್ಬಯ್ಯ 1812ರಲ್ಲೇ ಈ ಊರಲ್ಲಿ ಗದ್ದೆ ಇಟ್ಟುಕೊಂಡು ಕಂದಾಯ ಕಟ್ಟುತ್ತಿದ್ದ. ಕಾಟಕಾಯಿಗೆ ಇಪ್ಪತ್ತೈದು ವರ್ಷ ಮೊದಲು. ಹೈದರ್, ಟಿಪ್ಪು ಕಾಲದ ಯುದ್ಧಗಳಲ್ಲಿ ಪಾಳುಬಿದ್ದ ಭೂಮಿಗೆ ದೊಡ್ಡವೀರರಾಜೇಂದ್ರ ಘಟ್ಟದ ಕೆಳಗಿನಿಂದ ಗೌಡ ಒಕ್ಕಲುಗಳನ್ನು ತಂದು ನೆಲೆ ಮಾಡಿಸಿದ್ದು ಗೊತ್ತಿರುವ ವಿಷಯವೇ. ಇವರೂ ಹಾಗೆ ಬಂದವರಿರಬೇಕು.

ಮೇಷ್ಟ್ರಿಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದ್ರೆ ನಮ್ಮ ಅಪ್ಪ ಹೇಳಿದ್ದು ಸುಳ್ಳಾ?” ಅಂತ ಕೇಳಿದರು.

ಹೆಣ್ಣುಮಕ್ಕಳನ್ನು ಕೇಳಿದ್ದು

ಸುಳ್ಳು ಅಂತ ನನಗೆ ಅನಿಸಲಿಲ್ಲ. ಸುಳ್ಳು ಕಥೆ ಕಟ್ಟುವವರು ಅಪ್ಪಯ್ಯ ಗೌಡರ ಬಲಗೈ ಬಂಟ ಅಂತ ಕಟ್ಟುತ್ತಾರೆ. ಓಡಿಹೋಗಿ ಅಡಗಿದವನು ಅಂತ ಯಾರು ಕಟ್ಟುತ್ತಾರೆ? ಏನೋ ಒಂದು ನಡೆದಿತ್ತು.

ಫ್ರೇಮ್ ಹಾಕಿದ ಮರವನ್ನು ಮತ್ತೆ ನೋಡುತ್ತಾ ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ಬೇರೆ. ಎಪ್ಪತ್ತಕ್ಕೂ ಜಾಸ್ತಿ ಹೆಸರಿದ್ದ ಆ ಮರದಲ್ಲಿ ಒಬ್ಬಳೇ ಒಬ್ಬ ಹೆಣ್ಣುಮಗಳ ಹೆಸರಿರಲಿಲ್ಲ. ಹುಟ್ಟಿದವರದೂ ಇಲ್ಲ, ಮದುವೆಯಾಗಿ ಬಂದವರದೂ ಇಲ್ಲ. ಒಂದೂವರೆ ವರ್ಷದಿಂದ ಅದನ್ನು ನೋಡುತ್ತಿದ್ದೆ. ನಾನೇ ಒಬ್ಬಳು ಹೆಂಗಸು, ನನಗೂ ಹೊಳೆದಿರಲಿಲ್ಲ.

ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳು ಯಾರು ಯಾರು ಅಂತ ಹುಡುಕಲು ಸುಲಭದ ದಾರಿ ಸಾವಿನ ಸುದ್ದಿ. ‘ಶಕ್ತಿ’ ಪತ್ರಿಕೆ 1957ರಿಂದ ಬರುತ್ತಿದೆ. ಕೊಡಗಿನಲ್ಲಿ ಬೆಳಿಗ್ಗೆ ಪತ್ರಿಕೆ ತೆರೆದರೆ ಮೊದಲು ನೋಡುವುದೇ ನಿಧನದ ಕಾಲಂ ಅಲ್ವಾ. ಮೃತರ ಮಕ್ಕಳು, ಅಳಿಯಂದಿರು, ಯಾವ ಮನೆಗೆ ಕೊಟ್ಟಿದ್ದು, ಎಲ್ಲ ಅದರಲ್ಲಿರುತ್ತದೆ. ಒಬ್ಬರ ಮನೆಯ ಅಟ್ಟದಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಮೇಷ್ಟ್ರ ಅಜ್ಜನ ತಮ್ಮನ ನಿಧನದ ಸುದ್ದಿ ಸಿಕ್ಕಿತು. ನಾಲ್ಕು ಹೆಣ್ಣುಮಕ್ಕಳ ಮನೆ ಹೆಸರಿತ್ತು. ಅವರಲ್ಲಿ ಒಬ್ಬರು ಇನ್ನೂ ಇದ್ದರು. ಭಾಗಮಂಡಲದ ಕಡೆ, ವಯಸ್ಸು ತೊಂಬತ್ತೊಂದು. ಮೇಷ್ಟ್ರಿಗೆ ಸಂಬಂಧದಲ್ಲಿ ಅತ್ತೆ. ನಲವತ್ತು ವರ್ಷದಿಂದ ಹೋಗಿ ಬಂದು ಇರಲಿಲ್ಲ.

ಹೋದೆವು. ಅಜ್ಜಿ ಒಲೆಯ ಪಕ್ಕ ಕೂತಿದ್ದರು. ಮೇಷ್ಟ್ರನ್ನು ಗುರುತು ಹಿಡಿಯಲಿಲ್ಲ, ಅವರ ಅಮ್ಮನ ಹೆಸರು ಹೇಳಿದ ಕೂಡಲೇ ಹಿಡಿದರು. ಕಾಫಿ ಆಯಿತು. ಸುಬ್ಬಯ್ಯನ ಮಾತೆತ್ತಿದೆವು.

“ಯಾವ ಸುಬ್ಬಯ್ಯ? ಆ ಹೆಸ್ರ್‌ಲಿ ಇಬ್ರು ಉಟ್ಟಲ್ಲಾ,” ಅಂದರು ಅಜ್ಜಿ.

ಒಂದೂವರೆ ವರ್ಷ ಕಪಾಟು ಕಪಾಟು ಅಲೆದು ಕಂಡುಹಿಡಿದದ್ದನ್ನು ಅವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಹೇಳಿದರು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಆಮೇಲೆ ಅಜ್ಜಿ ಒಂದು ಪ್ರಶ್ನೆ ಕೇಳಿದರು: ಗುರು ಕಾರಣರಿಗೆ ಎಡೆ ಬಡಿಸುವಾಗ ಹೊರಗಿನ ಎಲೆ ಈಗಲೂ ಹಾಕುತ್ತೀರಾ?

ಹಾಕುತ್ತಾರೆ. ಹಿರಿಯರಿಗೆ ಬಡಿಸುವ ದಿನ ಒಳಗೆ ಸಾಲಾಗಿ ಎಲೆ ಹಾಕಿ, ಕೊನೆಗೆ ಒಂದು ಎಲೆಯನ್ನು ಬೇರೆಯಾಗಿ, ಹೊಸ್ತಿಲ ಈಚೆ ಹಾಕುವ ಪದ್ಧತಿ ಆ ಮನೆಯಲ್ಲಿದೆ. ಯಾರಿಗೆ ಅಂತ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರ ಅಪ್ಪ ಹಾಕುತ್ತಿದ್ದರು, ಇವರೂ ಹಾಕುತ್ತಾರೆ. ದಾರಿಹೋಕರಿಗೆ ಇರಬೇಕು ಅಂದುಕೊಂಡಿದ್ದರಂತೆ.

ಅದು ಘಟ್ಟದ ಕೆಳಗಿನಿಂದ ಬಂದವನಿಗೆ, ಅಂದರು ಅಜ್ಜಿ. ದೊಡ್ಡ ಸುಬ್ಬಯ್ಯನಿಗೆ ಗಂಡು ಮಕ್ಕಳಿರಲಿಲ್ಲ. ಒಬ್ಬಳೇ ಮಗಳು. ಕಾಟಕಾಯಿ ಮುಗಿದ ಮೇಲೆ ಒಬ್ಬ ಹುಡುಗ ಬಂದು ಕೊಟ್ಟಿಗೆಯಲ್ಲಿ ಅಡಗಿದ್ದ. ಅವನನ್ನೇ ಮನೆ ಅಳಿಯನಾಗಿ ಇಟ್ಟುಕೊಂಡರು. ಅವನು ಈ ಮನೆಯವನಲ್ಲ, ಅದಕ್ಕೇ ಎಲೆ ಹೊರಗೆ. ಅವನ ಮಗನಿಗೆ ತಾಯಿಯ ಅಪ್ಪನ ಹೆಸರಿಟ್ಟರು. ಇದನ್ನು ಅಜ್ಜಿಗೆ ಹೇಳಿದ್ದು ಅವರ ಅಜ್ಜಿ, ಎಲೆ ಒರೆಸುತ್ತಾ ಕೂತಾಗ.

ವಾಪಸ್ ಬರುವಾಗ ಜೀಪಿನಲ್ಲಿ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. 1863ರ ಅರ್ಜಿಯಲ್ಲಿ ತಂದೆಗೆ ಬೇರೆ ಮನೆ ಹೆಸರು! ಗುಮಾಸ್ತ ತಪ್ಪು ಮಾಡಿರಲಿಲ್ಲ. ‘ಮೊಮ್ಮಗ’ ಅಂತ ಅವನು ಬರೆದದ್ದನ್ನು ನಾವು ಮಗನ ಮಗ ಅಂತ ಓದಿದ್ದೆವು. ಕನ್ನಡದಲ್ಲಿ ಮಗನ ಮಗನೂ ಮೊಮ್ಮಗ, ಮಗಳ ಮಗನೂ ಮೊಮ್ಮಗ.

ಆಮೇಲೆ ಏನಾಯಿತು

ಖುಷಿಯ ಸುದ್ದಿ ಅಂತ ಎಲ್ಲರೂ ಒಪ್ಪಲಿಲ್ಲ. ಕುಟುಂಬದ ಸಭೆಯಲ್ಲಿ ಒಬ್ಬರು ಎದ್ದು, “ಹಾಗಾದರೆ ನಾವು ಯಾರ ಬಳಿ?” ಅಂತ ಕೇಳಿದರು. ಒಂದೇ ಬಳಿಯಲ್ಲಿ ಮದುವೆ ಮಾಡುವುದಿಲ್ಲವಾದ್ದರಿಂದ ಅದು ಸಣ್ಣ ಪ್ರಶ್ನೆಯಲ್ಲ. ಆ ಬೇರೆ ಮನೆಯ ಬಳಿ ಇವರದ್ದೂ ಆಗಿಬಿಟ್ಟರೆ ಆಗಿಹೋದ ಒಂದೆರಡು ಮದುವೆಗಳ ಗತಿ ಏನು? ಎರಡು ಗಂಟೆ ಗಲಾಟೆ ನಡೆಯಿತು. ಕೊನೆಗೆ ಹಿರಿಯರು ಹೇಳಿದರು: ಮನೆ ಅಳಿಯನ ಮಕ್ಕಳು ಮನೆಗೆ ಸೇರಿದವರು, ಬಳಿ ಮನೆಯದೇ, ನೂರೆಂಬತ್ತು ವರ್ಷ ನಡೆದದ್ದನ್ನು ಈಗ ಕೆದಕುವುದಿಲ್ಲ. ನಾನು ಆ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಕಾಗದ ಏನು ಹೇಳುತ್ತದೆ ಅಂತ ಹೇಳಬಹುದು. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅನ್ನುವುದು ಆ ಮನೆಯವರದ್ದು.

ಖಾತೆಯ ವಿಷಯದಲ್ಲಿ ನಗಬೇಕೋ ಅಳಬೇಕೋ. ಪಹಣಿಯ ಪಟ್ಟೇದಾರ ಕಿರಿಯ ಸುಬ್ಬಯ್ಯ. ಕಚೇರಿಗೆ ಬೇಕಾಗಿದ್ದದ್ದು ಅವನಿಂದ ಕೆಳಗಿನ ವಂಶವೃಕ್ಷ ಮಾತ್ರ. ಶಾಲೆಯ ದಾಖಲಾತಿ ಪುಸ್ತಕ, ಮರಣ ನೋಂದಣಿ, ಉಪನೋಂದಣಿ ಕಚೇರಿಯ ಹಳೆಯ ಪಾಲು ಪತ್ರ, ಇಷ್ಟರಲ್ಲಿ ಅದು ಪೂರ್ತಿಯಾಗುತ್ತಿತ್ತು. 1837ಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಮೊದಲ ದಿನವೇ ಎರಡು ಕೆಲಸವನ್ನು ಬೇರೆ ಬೇರೆ ಮಾಡಿದ್ದರೆ 2019ರಲ್ಲೇ ಅರ್ಜಿ ಹಾಕಬಹುದಿತ್ತು. ಬೇರು ಸಿಕ್ಕಲಿ, ಆಮೇಲೆ ಒಟ್ಟಿಗೆ ಕೊಡೋಣ ಅಂತ ಕಾದದ್ದು ನನ್ನ ಸಲಹೆಯಿಂದ. ಈಗ ಯಾರಾದರೂ ಹೀಗೆ ಬಂದರೆ ಮೊದಲು ಕೇಳುವುದು ಇದನ್ನೇ: ಕಚೇರಿಗೋ, ಮನೆಗೋ?

ಎರಡನೆಯದಾಗಿ, ಒಪ್ಪದ ಪದ ಸಿಕ್ಕಿದರೆ ಅದರ ಕೆಳಗೆ ಕೆಂಪು ಗೆರೆ ಎಳೆದು ಇಡುತ್ತೇನೆ. ‘ಬರೆದವನ ತಪ್ಪು’ ಅಂತ ಬರೆಯುವುದನ್ನು ಬಿಟ್ಟಿದ್ದೇನೆ. ಸಂವತ್ಸರ ಮಾತ್ರ ಇದ್ದರೆ ಮೂರು ಇಸವಿಯನ್ನೂ ಬರೆದು, ನಾಣ್ಯ, ಅಧಿಕಾರಿಯ ಹೆಸರು, ಅಳತೆ ನೋಡಿ ಒಂದೊಂದಾಗಿ ಹೊಡೆದು ಹಾಕುತ್ತೇವೆ. ನೆನೆದ ಕಾಗದವನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಯಾಡುವ ಕಡೆ ಹಳೆಯ ಪತ್ರಿಕೆಗಳ ನಡುವೆ ಇಟ್ಟು ಹಾಳೆ ಬದಲಿಸುತ್ತಾ ಇರಿ ಅಂತ ಗ್ರಂಥಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಮಳೆಗಾಲಕ್ಕೆ ಮೊದಲು ಪೆಟ್ಟಿಗೆ ತೆರೆದು ಫೋಟೋ ತೆಗೆದುಕೊಳ್ಳಿ, ಹೆಬ್ಬೆರಳು ಆಚೆ ಇಡಿ ಅಂತಲೂ.

ಒಂದು ಮಾತು ಸೇರಿಸಬೇಕು. ಇವರಿಗೆ ಇಷ್ಟಾದರೂ ಸಿಕ್ಕಿದ್ದು ಜಮ್ಮಾ ಇದ್ದದ್ದರಿಂದ. ಇದೇ ಗದ್ದೆಯಲ್ಲಿ ತಲೆತಲಾಂತರ ನಾಟಿ ಮಾಡಿದವರ ಅಜ್ಜನ ಹೆಸರು ಯಾವ ಕಂದಾಯ ಪುಸ್ತಕದಲ್ಲೂ ಇಲ್ಲ. ಹೋದ ವರ್ಷ ಎರವ ಬುಡಕಟ್ಟಿನ ಹುಡುಗನೊಬ್ಬ ಬಂದು ನಮ್ಮದೂ ಹುಡುಕಿಕೊಡಿ ಅಂದ. ತೋಟದ ಹಾಜರಿ ಪುಸ್ತಕ, ಶಾಲೆಯ ದಾಖಲಾತಿ, ಇನ್ನೂ ಇರುವ ಮುದುಕಿಯರ ನೆನಪು ಅಂತ ಶುರು ಮಾಡಿದ್ದೇವೆ. ಈವರೆಗೆ ಮೂರು ತಲೆಮಾರು ಸಿಕ್ಕಿದೆ.

ಹೊಸ ವಂಶವೃಕ್ಷವನ್ನು ಬೆಂಗಳೂರಿನ ಹುಡುಗಿ ಕಂಪ್ಯೂಟರಿನಲ್ಲಿ ಮಾಡಿದಳು. ಈ ಸಲ ಮರದ ಚಿತ್ರವಿಲ್ಲ, ಸುಮ್ನೆ ಚೌಕಗಳು. ಹೆಣ್ಣುಮಕ್ಕಳು, ಸೊಸೆಯಂದಿರು ಎಲ್ಲರೂ ಇದ್ದಾರೆ. ಒಂದು ಪ್ರತಿ ಐನ್‌ಮನೆಯಲ್ಲಿ, ಒಂದು ನಮ್ಮ ಗ್ರಂಥಾಲಯದಲ್ಲಿ, ಒಂದು ಭಾಗಮಂಡಲದ ಅಜ್ಜಿಯ ಮನೆಯಲ್ಲಿ. ಹಿರಿಯ ಸುಬ್ಬಯ್ಯನ ಕೆಳಗೆ ಎರಡು ಚೌಕ ಅಕ್ಕಪಕ್ಕ ಇವೆ. ಒಂದರಲ್ಲಿ ಒಂದು ಮನೆ ಹೆಸರು ಮಾತ್ರ. ಇನ್ನೊಂದರಲ್ಲಿ ಮಗಳು. ಅವಳ ಹೆಸರು ಅರ್ಜಿಯಲ್ಲಿಲ್ಲ, ಫೋಟೋದಲ್ಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ಆ ಚೌಕವನ್ನು ಖಾಲಿ ಬಿಟ್ಟಿದ್ದಾರೆ. ಹೊಸ್ತಿಲ ಈಚೆಯ ಎಲೆಯನ್ನು ಒಳಗೆ ಹಾಕಬೇಕಾ ಅಂತ ಮೇಷ್ಟ್ರು ಅಜ್ಜಿಯನ್ನೇ ಕೇಳಿದರು. ಅಲ್ಲೇ ಇರಲಿ, ಪಕ್ಕದಲ್ಲಿ ಇನ್ನೊಂದು ಹಾಕು ಅಂದರಂತೆ.